ಸಹಿ ರಾಜರದ್ದು, ತೀರ್ಮಾನ ಯಾರದ್ದು?

ಓದುಗರ ಪ್ರಶ್ನೆ: ಬ್ರಿಟನ್, ಜಪಾನ್, ಸ್ವೀಡನ್‌ನಂಥ ದೇಶಗಳಲ್ಲಿ ಇವತ್ತಿಗೂ ರಾಜರೋ ರಾಣಿಯೋ ಇದ್ದಾರೆ. ಜೊತೆಗೆ ಚುನಾವಣೆಯೂ ನಡೆಯುತ್ತದೆ, ಪ್ರಧಾನಿಯೂ ಇರುತ್ತಾರೆ. ಹಾಗಾದರೆ ನಿಜವಾಗಿ ಆಳುವವರು ಯಾರು? ಸಂಸತ್ತು ಒಪ್ಪಿದ ಮಸೂದೆಗೆ ರಾಜರು ಸಹಿ ಹಾಕಲ್ಲ ಅಂದುಬಿಟ್ಟರೆ ಏನಾಗುತ್ತದೆ? ಅಧಿಕಾರವೇ ಇಲ್ಲದ ಮೇಲೆ ರಾಜರು ಯಾಕೆ ಬೇಕು? ಜನಕ್ಕೆ ಬೇಡ ಅನ್ನಿಸಿದರೆ ತೆಗೆಯಬಹುದಾ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಇದೆ. ಆಳುವವರು ಪ್ರಧಾನಿ ಮತ್ತು ಅವರ ಮಂತ್ರಿಮಂಡಲ. ಅವರನ್ನು ಕುರ್ಚಿಯಲ್ಲಿ ಉಳಿಸುವುದೂ ಇಳಿಸುವುದೂ ಜನ ಆರಿಸಿದ ಸಂಸತ್ತು. ಕಾಗದದ ಮೇಲೆ ಎಲ್ಲವೂ ರಾಜರ ಹೆಸರಿನಲ್ಲೇ ನಡೆಯುತ್ತದೆ. ಕಾನೂನಿಗೆ ಅಂಕಿತ, ಮಂತ್ರಿಗಳ ನೇಮಕ, ಸಂಸತ್ತಿನ ವಿಸರ್ಜನೆ, ಸೇನೆಯ ಮುಖ್ಯಸ್ಥನ ಪಟ್ಟ, ರಾಯಭಾರಿಗಳ ನೇಮಕ, ಹೀಗೆ ಪಟ್ಟಿ ಉದ್ದ ಇದೆ. ಈ ಪಟ್ಟಿಯನ್ನಷ್ಟೇ ಓದಿದವರಿಗೆ ಇದು ಹಳೇ ಕಾಲದ ರಾಜಾಡಳಿತ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಾಗಾಗಿ ಪಟ್ಟಿ ಬಿಟ್ಟು ಸಹಿಯ ಜಾಡು ಹಿಡಿಯಿರಿ ಅಂತ ನಾನು ಹೇಳುತ್ತೇನೆ. ರಾಜರ ಸಹಿಯ ಪಕ್ಕದಲ್ಲಿ ಇನ್ಯಾರ ಸಹಿ ಇದೆ, ಆ ಎರಡನೇ ಸಹಿ ಹಾಕಿದವರನ್ನು ಕೆಳಗಿಳಿಸುವ ಶಕ್ತಿ ಯಾರಿಗಿದೆ ಅಂತ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ.

ಬೆಲ್ಜಿಯಂ ಸಂವಿಧಾನ ಇದನ್ನು ಬಿಚ್ಚಿ ಹೇಳುತ್ತದೆ. ರಾಜರ ಯಾವ ಆದೇಶವೂ ಒಬ್ಬ ಮಂತ್ರಿಯ ಜೊತೆ ಸಹಿ ಇಲ್ಲದೆ ಜಾರಿಗೆ ಬರುವುದಿಲ್ಲ. ಸಹಿ ಹಾಕಿದ ಮಂತ್ರಿಯೇ ಅದರ ಹೊಣೆ ಹೊರಬೇಕು. ಸ್ಪೇನ್‌ನ 1978ರ ಸಂವಿಧಾನದಲ್ಲೂ ಇದೇ ನಿಯಮ ಇದೆ. ನೆದರ್‌ಲ್ಯಾಂಡ್ಸ್ 1848ರಲ್ಲೇ ತನ್ನ ಸಂವಿಧಾನದಲ್ಲಿ ಇದನ್ನು ಬರೆದುಕೊಂಡಿತು: ರಾಜರನ್ನು ಯಾರೂ ಪ್ರಶ್ನಿಸುವಂತಿಲ್ಲ, ಉತ್ತರ ಕೊಡಬೇಕಾದವರು ಮಂತ್ರಿಗಳು. ಮೇಲ್ನೋಟಕ್ಕೆ ಇದು ರಾಜರಿಗೆ ಕೊಟ್ಟ ರಕ್ಷಣೆಯ ಹಾಗೆ ಕಾಣುತ್ತದೆ. ಅದು ಅವರ ಕೈ ಕಟ್ಟಿಹಾಕುವ ನಿಯಮವೂ ಹೌದು. ತಪ್ಪಾದರೆ ರಾಜರನ್ನು ಚುನಾವಣೆಯಲ್ಲಿ ಸೋಲಿಸಲು ಬರುವುದಿಲ್ಲ, ಸದನದಲ್ಲಿ ನಿಲ್ಲಿಸಿ ಕೇಳಲು ಬರುವುದಿಲ್ಲ. ಹಾಗಾಗಿ ತೀರ್ಮಾನವನ್ನೂ ಅವರ ಕೈಗೆ ಕೊಡುವಂತಿಲ್ಲ. ಯಾರ ತಲೆ ಮೇಲೆ ಹೊಣೆ ಇದೆಯೋ ಅವರೇ ತೀರ್ಮಾನ ಮಾಡಬೇಕು. ಸಾಂವಿಧಾನಿಕ ರಾಜಪ್ರಭುತ್ವ ನಿಂತಿರುವುದು ಈ ಒಂದು ಒಪ್ಪಂದದ ಮೇಲೆ.

ಈ ಒಪ್ಪಂದಕ್ಕೆ ಯಾವ ರಾಜನೂ ಖುಷಿಯಿಂದ ಬರಲಿಲ್ಲ. ಇಂಗ್ಲೆಂಡಿನಲ್ಲಿ 1642ರಲ್ಲಿ ಒಂದನೇ ಚಾರ್ಲ್ಸ್ ಸಶಸ್ತ್ರ ಪಡೆಯೊಂದಿಗೆ ಕೆಳಮನೆಗೇ ನುಗ್ಗಿ ಐವರು ಸದಸ್ಯರನ್ನು ಬಂಧಿಸಲು ಹೋದ. ಅವರು ಮೊದಲೇ ತಪ್ಪಿಸಿಕೊಂಡಿದ್ದರು. ಅವರೆಲ್ಲಿ ಎಂದು ಕೇಳಿದಾಗ ಸ್ಪೀಕರ್ ವಿಲಿಯಂ ಲೆಂಥಾಲ್ ಬಾಯಿ ಬಿಡಲಿಲ್ಲ. ಅದೇ ವರ್ಷ ಅಂತರ್ಯುದ್ಧ ಶುರುವಾಯಿತು. 1649ರಲ್ಲಿ ಚಾರ್ಲ್ಸ್‌ನ ತಲೆ ಹೋಯಿತು. ಆಮೇಲೆ ರಾಜಪಟ್ಟ ಮತ್ತೆ ಬಂತು, ಮತ್ತೆ ಜಗಳ ಆಯಿತು. ಕೊನೆಗೆ 1689ರ ಹಕ್ಕುಗಳ ಶಾಸನದಲ್ಲಿ ಗಟ್ಟಿ ಗೆರೆ ಎಳೆದರು: ಸಂಸತ್ತಿನ ಒಪ್ಪಿಗೆ ಇಲ್ಲದೆ ತೆರಿಗೆ ಹಾಕುವಂತಿಲ್ಲ, ಶಾಂತಿಕಾಲದಲ್ಲಿ ಸೇನೆ ಇಟ್ಟುಕೊಳ್ಳುವಂತಿಲ್ಲ, ಕಾನೂನನ್ನು ಅಮಾನತಿನಲ್ಲಿ ಇಡುವಂತಿಲ್ಲ. ದುಡ್ಡು ಮತ್ತು ಸೈನ್ಯ ಎರಡೂ ಸಂಸತ್ತಿನ ಹಿಡಿತಕ್ಕೆ ಬಂದ ಮೇಲೆ ಉಳಿದದ್ದೆಲ್ಲ ನಿಧಾನಕ್ಕೆ ಹಿಂದೆ ಬಂತು.

ಎಷ್ಟು ನಿಧಾನ ಅಂದರೆ, ಸಂಸತ್ತು ಒಪ್ಪಿದ ಮಸೂದೆಯನ್ನು ತಡೆದ ಕೊನೆಯ ಬ್ರಿಟಿಷ್ ದೊರೆ ರಾಣಿ ಆ್ಯನ್, 1708ರಲ್ಲಿ. ಸ್ಕಾಟ್ಲೆಂಡಿನ ಸೇನಾಪಡೆಗೆ ಸಂಬಂಧಿಸಿದ ಮಸೂದೆ ಅದು. ಅದನ್ನೂ ಆಕೆ ತಡೆದದ್ದು ಮಂತ್ರಿಗಳ ಸಲಹೆಯ ಮೇಲೆಯೇ. ಮಂತ್ರಿಮಂಡಲವನ್ನು ತನ್ನ ಇಷ್ಟದಂತೆ ಮನೆಗೆ ಕಳಿಸುವ ಪ್ರಯತ್ನ ಮಾತ್ರ 1834ರ ತನಕ ಉಳಿದಿತ್ತು. ನಾಲ್ಕನೇ ವಿಲಿಯಂ ಆ ವರ್ಷ ಪ್ರಧಾನಿ ಮೆಲ್ಬರ್ನ್ ಅವರ ಸರ್ಕಾರವನ್ನು ತೆಗೆದು ರಾಬರ್ಟ್ ಪೀಲ್ ಅವರನ್ನು ತಂದು ಕೂರಿಸಿದ. ಪೀಲ್ ಚುನಾವಣೆಗೆ ಹೋದರು, ಬಹುಮತ ಸಿಗಲಿಲ್ಲ. ಸದನದಲ್ಲಿ ಸೋಲಿನ ಮೇಲೆ ಸೋಲು ಉಂಡು 1835ರಲ್ಲಿ ರಾಜೀನಾಮೆ ಕೊಟ್ಟರು. ರಾಜ ಅದೇ ಮೆಲ್ಬರ್ನ್ ಅವರನ್ನು ಮತ್ತೆ ಕರೆಯಬೇಕಾಯಿತು. ಆಮೇಲೆ ಬ್ರಿಟನ್ನಿನ ಯಾವ ದೊರೆಯೂ ಆ ಕೆಲಸಕ್ಕೆ ಕೈ ಹಾಕಿಲ್ಲ. ಇದನ್ನು ನಿಷೇಧಿಸುವ ಕಾನೂನೇನೂ ಆಗ ಬರಲಿಲ್ಲ ಅನ್ನುವುದನ್ನು ಗಮನಿಸಿ. ಸದನದ ಬೆಂಬಲ ಇಲ್ಲದವರು ಆಳಲಾರರು ಅನ್ನುವುದು ಎಲ್ಲರ ಕಣ್ಣಿಗೆ ಬಿತ್ತು, ಅದೇ ಪದ್ಧತಿಯಾಗಿ ನಿಂತಿತು. ಬ್ರಿಟನ್ನಿನಲ್ಲಿ ಒಂದೇ ಪುಸ್ತಕವಾಗಿ ಬರೆದ ಸಂವಿಧಾನ ಇಲ್ಲ. ಶಾಸನ, ತೀರ್ಪು, ಪದ್ಧತಿ ಇವು ಮೂರೂ ಸೇರಿಯೇ ಅಲ್ಲಿನ ಸಂವಿಧಾನ.

ಈಗ ಪ್ರಧಾನಿಯ ನೇಮಕಕ್ಕೆ ಬರೋಣ. "ರಾಜರು ಪ್ರಧಾನಿಯನ್ನು ನೇಮಿಸುತ್ತಾರೆ" ಅನ್ನುವ ವಾಕ್ಯ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಿದ್ದರೆ ಆಯ್ಕೆಯ ಮಾತೇ ಇಲ್ಲ, ಆ ಪಕ್ಷದ ನಾಯಕರನ್ನು ಕರೆಯಲೇಬೇಕು. ಕಷ್ಟ ಬರುವುದು ಸಂಸತ್ತು ಅತಂತ್ರ ಆದಾಗ. 2010ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಹಾಗೇ ಆಯಿತು. ಚುನಾವಣೆ ನಡೆದದ್ದು 6ರಂದು. ಗಾರ್ಡನ್ ಬ್ರೌನ್ 11ರ ತನಕ ಪ್ರಧಾನಿಯಾಗಿಯೇ ಉಳಿದರು. ಆ ಐದು ದಿನ ಪಕ್ಷಗಳು ತಮ್ಮ ತಮ್ಮಲ್ಲೇ ಮಾತುಕತೆ ನಡೆಸಿದವು, ಅರಮನೆ ದೂರ ನಿಂತಿತು. ಡೇವಿಡ್ ಕ್ಯಾಮರಾನ್ ಸರ್ಕಾರ ರಚಿಸಬಲ್ಲರು ಅನ್ನುವುದು ಖಚಿತವಾದ ಮೇಲೆಯೇ ಬ್ರೌನ್ ರಾಣಿಯ ಬಳಿ ಹೋಗಿ ರಾಜೀನಾಮೆ ಕೊಟ್ಟರು. ಎರಡು ಹೆಸರುಗಳ ನಡುವೆ ಆರಿಸುವ ಇಕ್ಕಟ್ಟು ರಾಣಿಗೆ ಬರಬಾರದು ಅನ್ನುವುದು ಎಲ್ಲ ಪಕ್ಷಗಳೂ ಒಪ್ಪಿಕೊಂಡಿದ್ದ ಶಿಸ್ತು.

ಬೆಲ್ಜಿಯಂನಲ್ಲಿ ಪಕ್ಷಗಳು ಜಾಸ್ತಿ, ಭಾಷೆಯ ಬಿರುಕೂ ಇದೆ. ಹಾಗಾಗಿ ಅಲ್ಲಿ ರಾಜರಿಗೆ ಸ್ವಲ್ಪ ಕೆಲಸ ಉಂಟು. ಚುನಾವಣೆ ಮುಗಿದ ಮೇಲೆ ಅವರು ನಾಯಕರನ್ನು ಒಬ್ಬೊಬ್ಬರಾಗಿ ಕರೆಸಿ ಮಾತಾಡುತ್ತಾರೆ. ಯಾರ ಜೊತೆ ಯಾರು ಸೇರಬಹುದು ಅಂತ ತಿಳಿದು ಬರಲು ಒಬ್ಬರನ್ನು ನೇಮಿಸುತ್ತಾರೆ. ದಾರಿ ಕಂಡರೆ ಸರ್ಕಾರ ಕಟ್ಟುವ ಹೊಣೆಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ. 2010–11ರಲ್ಲಿ ಈ ಹಗ್ಗಜಗ್ಗಾಟ 541 ದಿನ ನಡೆಯಿತು. ಅಷ್ಟೂ ದಿನ ಹಂಗಾಮಿ ಸರ್ಕಾರವೇ ದೇಶ ನಡೆಸಿತು. ಮಲೇಷ್ಯಾದ ವ್ಯವಸ್ಥೆ ಇನ್ನೂ ವಿಶಿಷ್ಟ. ಅಲ್ಲಿನ ಒಂಬತ್ತು ರಾಜ್ಯಗಳ ದೊರೆಗಳು ಐದೈದು ವರ್ಷ ಸರದಿಯಂತೆ ದೇಶದ ರಾಜರಾಗುತ್ತಾರೆ. 2022ರ ನವೆಂಬರಿನಲ್ಲಿ ಯಾರಿಗೂ ಬಹುಮತ ಬರದಿದ್ದಾಗ ರಾಜರು ನಾಯಕರನ್ನು ಕರೆಸಿ ಮಾತಾಡಿ, ಉಳಿದ ದೊರೆಗಳ ಜೊತೆಗೂ ಚರ್ಚಿಸಿ ಅನ್ವರ್ ಇಬ್ರಾಹಿಂ ಅವರನ್ನು ನೇಮಿಸಿದರು. ಆದರೆ ಇಲ್ಲೂ ರಾಜರು ಹುಡುಕುತ್ತಿದ್ದದ್ದು ಒಂದನ್ನೇ: ಸದನದ ಬೆಂಬಲ ಯಾರಿಗಿದೆ? ತಮಗೆ ಯಾರು ಇಷ್ಟ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಈ ಚಿಕ್ಕ ಕೆಲಸವೂ ರಾಜರಿಗೆ ಬೇಡ ಅಂದ ದೇಶಗಳಿವೆ. ನೆದರ್‌ಲ್ಯಾಂಡ್ಸ್ ಸಂಸತ್ತು 2012ರಲ್ಲಿ ಸರ್ಕಾರ ರಚನೆಯ ಮಾತುಕತೆಯನ್ನು ತನ್ನ ಕೈಗೇ ತೆಗೆದುಕೊಂಡಿತು. ಸ್ವೀಡನ್ ಅದಕ್ಕಿಂತ ಬಹಳ ಮುಂಚೆಯೇ, 1975ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ, ಈ ಹೊಣೆಯನ್ನು ಸ್ಪೀಕರ್‌ಗೆ ಕೊಟ್ಟಿತು. ಸ್ಪೀಕರ್ ಒಂದು ಹೆಸರು ಮುಂದಿಡುತ್ತಾರೆ, ಸಂಸತ್ತು ಮತ ಹಾಕುತ್ತದೆ, ಅರ್ಧಕ್ಕಿಂತ ಹೆಚ್ಚು ಸದಸ್ಯರು ಬೇಡ ಅನ್ನದಿದ್ದರೆ ಆ ಹೆಸರು ಪಾಸ್. ಸ್ವೀಡನ್ ರಾಜರು ಕಾನೂನುಗಳಿಗೆ ಸಹಿಯನ್ನೂ ಹಾಕುವುದಿಲ್ಲ. ಸಂಸತ್ತಿನ ಅಧಿವೇಶನ ಉದ್ಘಾಟಿಸುತ್ತಾರೆ, ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಾರೆ, ವಿದೇಶಾಂಗ ಸಲಹಾ ಮಂಡಳಿಯಲ್ಲಿ ಕೂರುತ್ತಾರೆ. ಇಷ್ಟು ಕಡಿಮೆ ಅಧಿಕಾರ ಇಟ್ಟುಕೊಂಡೂ ಅಲ್ಲಿ ರಾಜಪಟ್ಟ ಗಟ್ಟಿಯಾಗಿಯೇ ಇದೆ.

ನೀವು ಕೇಳಿದ ಸಹಿಯ ಪ್ರಶ್ನೆಗೆ 1990ರ ಬೆಲ್ಜಿಯಂಗಿಂತ ಒಳ್ಳೆಯ ಉತ್ತರ ಇಲ್ಲ. ಗರ್ಭಪಾತಕ್ಕೆ ಕೆಲವು ಷರತ್ತುಗಳ ಮೇಲೆ ಅವಕಾಶ ಕೊಡುವ ಮಸೂದೆಯನ್ನು ಅಲ್ಲಿನ ಸಂಸತ್ತು ಅಂಗೀಕರಿಸಿತು. ರಾಜ ಬೋಡ್ವಾನ್ ಕಟ್ಟಾ ಕ್ಯಾಥೊಲಿಕ್. ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲ, ಸಹಿ ಹಾಕಲಾರೆ ಅಂತ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು. ದೇಶದ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇರುವಾಗ ರಾಜನಿಗೊಬ್ಬನಿಗೇ ಇಲ್ಲವೇ ಎಂದು ಕೇಳಿದರು. ಅದೇ ಪತ್ರದಲ್ಲಿ, ಸಂಸತ್ತಿನ ತೀರ್ಮಾನಕ್ಕೆ ಅಡ್ಡ ಬರುವ ಇಚ್ಛೆ ತಮಗಿಲ್ಲ, ಕಾನೂನಿನ ದಾರಿ ಹುಡುಕಿ ಎಂದೂ ಕೇಳಿಕೊಂಡರು.

ಮಂತ್ರಿಗಳು ಸಂವಿಧಾನದ ಒಂದು ಕಲಮನ್ನು ಹುಡುಕಿ ತೆಗೆದರು. ರಾಜರು ಆಳಲು ಅಶಕ್ತರಾದರೆ ಅವರ ಅಧಿಕಾರವನ್ನು ಮಂತ್ರಿಮಂಡಲ ಚಲಾಯಿಸಬಹುದು ಅನ್ನುವ ಕಲಮು ಅದು. ಕಾಯಿಲೆ, ಸೆರೆ ಇಂಥ ಸಂದರ್ಭಕ್ಕೆ ಇದ್ದದ್ದು. ಎರಡನೇ ಮಹಾಯುದ್ಧದಲ್ಲಿ ರಾಜ ಮೂರನೇ ಲಿಯೊಪೋಲ್ಡ್ ಜರ್ಮನ್ನರ ಸೆರೆಯಲ್ಲಿದ್ದಾಗ ಅದನ್ನು ಬಳಸಿದ್ದರು. ಏಪ್ರಿಲ್ 3ರ ರಾತ್ರಿ ಮಂತ್ರಿಮಂಡಲ ಸೇರಿ ರಾಜರು ಆಳಲು ಅಶಕ್ತರು ಎಂದು ಘೋಷಿಸಿತು. ಎಲ್ಲ ಮಂತ್ರಿಗಳೂ ಸೇರಿ ಮಸೂದೆಗೆ ಸಹಿ ಹಾಕಿದರು. 5ರಂದು ಸಂಸತ್ತಿನ ಜಂಟಿ ಸಭೆ ಕರೆದು ರಾಜರಿಗೆ ಅಧಿಕಾರ ವಾಪಸ್ ಕೊಟ್ಟರು. ರಾಜರ ಮನಸ್ಸು ಉಳಿಯಿತು, ಕಾನೂನೂ ಬಂತು. ಹೀಗೆ ಮಾಡಿದ್ದು ಸರಿಯೇ ಅಂತ ಆಗಲೂ ಜಗಳ ಇತ್ತು, ಈಗಲೂ ಇದೆ. ಆರೋಗ್ಯವಾಗಿರುವ ರಾಜರನ್ನು ಅಶಕ್ತರು ಅನ್ನುವುದು ಸಂವಿಧಾನವನ್ನು ಎಳೆದಾಡಿದ ಹಾಗೆಯೇ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕೊನೆಗೆ ಯಾರ ಮಾತು ನಡೆಯಬೇಕು ಅನ್ನುವುದರ ಬಗ್ಗೆ ಮಾತ್ರ ಅಲ್ಲಿ ಯಾರಿಗೂ, ಸ್ವತಃ ರಾಜರಿಗೂ, ಅನುಮಾನ ಇರಲಿಲ್ಲ.

2008ರಲ್ಲಿ ಲಕ್ಸೆಂಬರ್ಗ್‌ನ ಗ್ರ್ಯಾಂಡ್ ಡ್ಯೂಕ್ ಹೆನ್ರಿ ದಯಾಮರಣದ ಕಾನೂನಿಗೆ ಒಪ್ಪಿಗೆ ಕೊಡಲಾರೆ ಎಂದಾಗ ಅಲ್ಲಿನವರು ಇನ್ನೂ ನೇರವಾದ ದಾರಿ ಹಿಡಿದರು. ಸಂವಿಧಾನವನ್ನೇ ತಿದ್ದಿದರು. ಈಗ ಅಲ್ಲಿ ದೊರೆ ಕಾನೂನಿಗೆ ಒಪ್ಪಿಗೆ ಕೊಡುವ ಮಾತಿಲ್ಲ, ಜಾರಿಯಾಯಿತು ಎಂದು ಪ್ರಕಟಿಸುವುದಷ್ಟೇ ಅವರ ಕೆಲಸ.

ಹಾಗಾದರೆ ವಾರವಿಡೀ ರಾಜರು ಏನು ಮಾಡುತ್ತಾರೆ? ಸಮಾರಂಭ, ಪ್ರವಾಸ, ಪದಕ ಪ್ರದಾನ ಇವು ಟೀವಿಯಲ್ಲಿ ಕಾಣುತ್ತವೆ. ಕಾಣದಿರುವುದು ಕಾಗದದ ಕೆಲಸ. ಬ್ರಿಟನ್ನಿನ ದೊರೆಗೆ ಸರ್ಕಾರದ ಕಡತಗಳು ಕೆಂಪು ಪೆಟ್ಟಿಗೆಗಳಲ್ಲಿ ಬರುತ್ತವೆ. ಮಂತ್ರಿಮಂಡಲದ ಕಾಗದ, ರಾಯಭಾರ ಕಚೇರಿಗಳ ವರದಿ, ಸಹಿಗೆ ಕಾದಿರುವ ಆದೇಶ ಎಲ್ಲ ಅದರಲ್ಲಿ ಇರುತ್ತವೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಪ್ರಧಾನಿ ಬಂದು ದೊರೆಯ ಜೊತೆ ಕೂತು ಮಾತಾಡುತ್ತಾರೆ. ಮೂರನೆಯವರು ಯಾರೂ ಇರುವುದಿಲ್ಲ, ಮಾತು ಹೊರಗೆ ಬರುವುದಿಲ್ಲ. 1867ರಲ್ಲಿ ವಾಲ್ಟರ್ ಬ್ಯಾಜೆಟ್ ಎಂಬ ಪತ್ರಕರ್ತ ದೊರೆಗೆ ಮೂರು ಹಕ್ಕು ಉಂಟು ಎಂದು ಬರೆದರು: ಸರ್ಕಾರ ತಮ್ಮ ಸಲಹೆ ಕೇಳುವುದು, ಸರ್ಕಾರಕ್ಕೆ ಧೈರ್ಯ ಹೇಳುವುದು, ಎಚ್ಚರಿಸುವುದು. ಇಂದಿಗೂ ಜನ ಇದನ್ನೇ ಹೇಳುತ್ತಾರೆ. ಎರಡನೇ ಎಲಿಜಬೆತ್ ಎಪ್ಪತ್ತು ವರ್ಷ ಸಿಂಹಾಸನದಲ್ಲಿದ್ದರು. ಚರ್ಚಿಲ್‌ರಿಂದ ಹಿಡಿದು 15 ಪ್ರಧಾನಿಗಳನ್ನು ಕಂಡರು. ಕೊನೆಯವರಾದ ಲಿಜ್ ಟ್ರಸ್ ಅವರನ್ನು ನೇಮಿಸಿದ್ದು ತಾವು ತೀರಿಕೊಳ್ಳುವ ಎರಡು ದಿನ ಮುಂಚೆ, 2022ರ ಸೆಪ್ಟೆಂಬರ್ 6ರಂದು. ಅಷ್ಟು ಕಾಲ ಕಡತ ಓದಿದವರು ಪ್ರಧಾನಿಗೆ ಕೇಳುವ ಒಂದು ಪ್ರಶ್ನೆಗೂ ತೂಕ ಇರುತ್ತದೆ ಅಲ್ವಾ?

ಸಂಸತ್ತಿನ ಅಧಿವೇಶನ ಶುರುವಾಗುವಾಗ ದೊರೆ ಕಿರೀಟ ಧರಿಸಿ ಓದುವ ಭಾಷಣವನ್ನು ಬರೆದವರು ಮಂತ್ರಿಗಳು. "ನನ್ನ ಸರ್ಕಾರ ಇದನ್ನು ಮಾಡಲಿದೆ" ಎಂದು ದೊರೆ ಓದುತ್ತಾರೆ. ಪಕ್ಷ ಬದಲಾದರೆ ಮುಂದಿನ ಸಲ ಅದಕ್ಕೆ ಪೂರಾ ವಿರುದ್ಧವಾದದ್ದನ್ನೂ ಅದೇ ದನಿಯಲ್ಲಿ ಓದಬೇಕು. ಆ ಭಾಷಣ ನಡೆಯುವುದು ಮೇಲ್ಮನೆಯಲ್ಲಿ. ಕೆಳಮನೆಯ ಸದಸ್ಯರನ್ನು ಕರೆಯಲು ಬ್ಲ್ಯಾಕ್ ರಾಡ್ ಎಂಬ ಅಧಿಕಾರಿ ಹೋದಾಗ ಅವರ ಮುಖದ ಮೇಲೇ ಬಾಗಿಲು ಮುಚ್ಚುತ್ತಾರೆ. ಮೂರು ಸಲ ಬಡಿದ ಮೇಲೆ ತೆಗೆಯುತ್ತಾರೆ. ರಾಜರ ಕಡೆಯವರು ಕೇಳದೆ ಒಳಗೆ ಬರುವಂತಿಲ್ಲ ಅನ್ನುವುದನ್ನು ತೋರಿಸುವ ಆಚರಣೆ ಇದು. ಚಾರ್ಲ್ಸ್ 1642ರಲ್ಲಿ ನುಗ್ಗಿದ ಮೇಲೆ ಇಂದಿನವರೆಗೂ ಯಾವ ದೊರೆಯೂ ಅಧಿವೇಶನ ನಡೆಯುವಾಗ ಕೆಳಮನೆಯ ಒಳಗೆ ಕಾಲಿಟ್ಟಿಲ್ಲ.

ಜಪಾನಿನ ಚಕ್ರವರ್ತಿಯ ಸ್ಥಾನ ಇನ್ನೂ ಬಿಗಿ. 1947ರ ಸಂವಿಧಾನದ ಪ್ರಕಾರ ಅವರು ದೇಶದ ಮತ್ತು ಜನರ ಏಕತೆಯ ಸಂಕೇತ. ಆಡಳಿತಕ್ಕೆ ಸಂಬಂಧಿಸಿದ ಯಾವ ಅಧಿಕಾರವೂ ಇಲ್ಲ ಎಂದು ಅದರಲ್ಲೇ ಬರೆದಿದೆ. ಅಕಿಹಿಟೊ ಅವರಿಗೆ ವಯಸ್ಸಾಯಿತು, ಕೆಲಸ ಬಿಡಬೇಕು ಅನ್ನಿಸಿತು. ಆದರೆ ಪದತ್ಯಾಗಕ್ಕೆ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಕಾನೂನು ಬದಲಿಸಿ ಎಂದು ನೇರವಾಗಿ ಕೇಳಿದರೆ ಅದು ರಾಜಕೀಯದಲ್ಲಿ ಕೈ ಹಾಕಿದಂತೆ. 2016ರ ಆಗಸ್ಟಿನಲ್ಲಿ ಅವರು ಟೀವಿಯಲ್ಲಿ ಮಾತಾಡಿ, ವಯಸ್ಸಿನಿಂದ ಕರ್ತವ್ಯ ನಿಭಾಯಿಸುವುದು ಕಷ್ಟವಾಗಬಹುದು ಎಂಬ ಆತಂಕ ಹೇಳಿಕೊಂಡರು, ಬಿಡುತ್ತೇನೆ ಅನ್ನುವ ಮಾತು ಆಡಲಿಲ್ಲ. ಜನಕ್ಕೆ ಅರ್ಥವಾಯಿತು. ಸಂಸತ್ತು 2017ರಲ್ಲಿ ವಿಶೇಷ ಕಾನೂನು ಮಾಡಿತು. 2019ರ ಏಪ್ರಿಲ್ 30ರಂದು ಅವರು ಇಳಿದರು.

ಎಲ್ಲ ಸುಸೂತ್ರವಾಗಿರುವಾಗ ಇಷ್ಟೇ. ಬಿಕ್ಕಟ್ಟು ಬಂದಾಗ ರಾಜರ ಗುಣ ಹೊರಬೀಳುತ್ತದೆ. ಇಲ್ಲಿ ಇಟಲಿ ಮತ್ತು ನಾರ್ವೆಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1922ರ ಅಕ್ಟೋಬರಿನಲ್ಲಿ ಮುಸೊಲಿನಿಯ ದಂಡು ರೋಮ್ ಕಡೆ ಹೊರಟಿತ್ತು. ಪ್ರಧಾನಿ ಲುಯಿಜಿ ಫಾಕ್ಟಾ ತುರ್ತು ಪರಿಸ್ಥಿತಿಯ ಆದೇಶ ಸಿದ್ಧ ಮಾಡಿ ರಾಜ ಮೂರನೇ ವಿಕ್ಟರ್ ಇಮ್ಯಾನ್ಯುಯೆಲ್ ಮುಂದೆ ಇಟ್ಟರು. ಮಂತ್ರಿಗಳು ಹೊಣೆ ಹೊರಲು ಸಿದ್ಧರಿದ್ದರು. ರಾಜ ಸಹಿ ಹಾಕಲಿಲ್ಲ. ಸರ್ಕಾರ ಬಿತ್ತು. ರಾಜ ಮುಸೊಲಿನಿಯನ್ನೇ ಪ್ರಧಾನಿ ಮಾಡಿದ.

1940ರ ಏಪ್ರಿಲಿನಲ್ಲಿ ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿತು. ರಾಜ ಏಳನೇ ಹಾಕೊನ್ ಮತ್ತು ಸರ್ಕಾರ ಓಸ್ಲೊ ಬಿಟ್ಟು ಒಳನಾಡಿಗೆ ಹೋದರು. 10ರಂದು ಎಲ್ವೆರುಮ್ ಎಂಬ ಊರಿನಲ್ಲಿ ಜರ್ಮನ್ ರಾಯಭಾರಿ ರಾಜರನ್ನು ಕಂಡು, ನಾಜಿಗಳ ಪರ ನಿಂತಿದ್ದ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡಿ ಎಂದು ಒತ್ತಾಯಿಸಿದ. ಒಬ್ಬನೇ ತೀರ್ಮಾನ ಮಾಡಲಾರೆ, ಸರ್ಕಾರವನ್ನು ಕೇಳಬೇಕು ಎಂದು ಹಾಕೊನ್ ಹೇಳಿದರು. ಆಮೇಲೆ ನಿಬರ್ಗ್‌ಸುಂಡ್ ಎಂಬ ಹಳ್ಳಿಯಲ್ಲಿದ್ದ ಮಂತ್ರಿಗಳ ಬಳಿ ಹೋಗಿ ಮನಸ್ಸು ಬಿಚ್ಚಿದರು. ತೀರ್ಮಾನ ನಿಮ್ಮದು, ನಾನು ಪ್ರಭಾವ ಬೀರಲು ಬಂದಿಲ್ಲ. ಆದರೆ ಜನರ ವಿಶ್ವಾಸವಾಗಲಿ ಸಂಸತ್ತಿನ ವಿಶ್ವಾಸವಾಗಲಿ ಇಲ್ಲದ ಆ ಮನುಷ್ಯನನ್ನು ನಾನು ನೇಮಿಸಲಾರೆ. ನೀವು ಒಪ್ಪುವುದಾದರೆ ನಾನು ಪಟ್ಟ ಬಿಡುತ್ತೇನೆ. ಅವರ ಮಾತಿನ ಸಾರ ಇದು. ಮಂತ್ರಿಗಳು ರಾಜರ ಹಿಂದೆ ನಿಂತರು. ಮಾರನೇ ದಿನ ಜರ್ಮನ್ ವಿಮಾನಗಳು ಆ ಹಳ್ಳಿಯ ಮೇಲೆ ಬಾಂಬ್ ಹಾಕಿದವು. ರಾಜರು ಕಾಡಿಗೆ ಓಡಿ ಬದುಕಿದರು. ಪ್ರಾಣ ಹೋಗುವ ಹೊತ್ತಿನಲ್ಲೂ ತೀರ್ಮಾನ ಮಂತ್ರಿಗಳದ್ದೇ ಎಂದು ಹೇಳಿ, ತನ್ನ ಪಟ್ಟವನ್ನಷ್ಟೇ ಪಣಕ್ಕಿಟ್ಟ ಈ ರಾಜರ ಬಗ್ಗೆ ನನಗೆ ತುಂಬಾ ಗೌರವ.

ಸ್ಪೇನ್‌ನಲ್ಲಿ 1981ರ ಫೆಬ್ರವರಿ 23ರಂದು ಬಂದದ್ದು ಇನ್ನೊಂದು ಬಗೆಯ ಕಷ್ಟ. ಹೊಸ ಪ್ರಧಾನಿಗಾಗಿ ಮತದಾನ ನಡೆಯುತ್ತಿದ್ದಾಗ ಲೆಫ್ಟಿನೆಂಟ್ ಕರ್ನಲ್ ತೆಹೆರೊ ಬಂದೂಕುಧಾರಿಗಳೊಂದಿಗೆ ಸದನಕ್ಕೆ ನುಗ್ಗಿದ. ಪ್ರಧಾನಿ, ಮಂತ್ರಿಗಳು, ವಿರೋಧ ಪಕ್ಷದ ನಾಯಕರು ಎಲ್ಲರೂ ಒಳಗೆ ಒತ್ತೆಯಾಳುಗಳು. ಜೊತೆ ಸಹಿ ಹಾಕಬೇಕಾದವರೇ ಸಿಗದ ಪರಿಸ್ಥಿತಿ. ರಾಜ ಹುವಾನ್ ಕಾರ್ಲೊಸ್ ಸೇನಾಧಿಕಾರಿಗಳಿಗೆ ಫೋನ್ ಮಾಡುತ್ತಾ ಹೋದರು. ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ ಸೇನಾ ಸಮವಸ್ತ್ರದಲ್ಲೇ ಟೀವಿಯಲ್ಲಿ ಕಾಣಿಸಿಕೊಂಡು, ಸಂವಿಧಾನವನ್ನು ಬಲದಿಂದ ಮುರಿಯಲು ಬಿಡುವುದಿಲ್ಲ ಎಂದರು. ಮಾರನೇ ದಿನ ದಂಗೆ ಮುರಿದು ಬಿತ್ತು. ಮುಂದೆ 2014ರಲ್ಲಿ ಅವರು ಪಟ್ಟ ಬಿಟ್ಟರು, ಹಣದ ವ್ಯವಹಾರದ ಆರೋಪಗಳಿಂದ ಅವರ ಹೆಸರೂ ಕೆಟ್ಟಿತು. ಆದರೂ ಆ ರಾತ್ರಿಯ ಕೆಲಸ ದೊಡ್ಡದೇ.

ರಾಜರು ಅಥವಾ ಅವರ ಪ್ರತಿನಿಧಿ ಎಡವಿದ ಪ್ರಸಂಗಗಳೂ ಉಂಟು. 1920ರಲ್ಲಿ ಡೆನ್ಮಾರ್ಕಿನ ಹತ್ತನೇ ಕ್ರಿಶ್ಚಿಯನ್ ಗಡಿಯ ವಿಚಾರದಲ್ಲಿ ಜಗಳವಾಡಿ ಪ್ರಧಾನಿಯ ಸರ್ಕಾರವನ್ನು ತೆಗೆದ. ಕಾರ್ಮಿಕರು ಸಾರ್ವತ್ರಿಕ ಮುಷ್ಕರಕ್ಕೆ ಸಜ್ಜಾದರು, ರಾಜಪಟ್ಟವೇ ಹೋಗುವ ಭಯ ಹುಟ್ಟಿತು. ಕೆಲವೇ ದಿನಗಳಲ್ಲಿ ರಾಜ ಹಿಂದೆ ಸರಿದ. 1975ರ ನವೆಂಬರ್ 11ರಂದು ಆಸ್ಟ್ರೇಲಿಯಾದಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತ ಇದ್ದ ಪ್ರಧಾನಿ ಗಫ್ ವಿಟ್ಲಮ್ ಅವರನ್ನು ವಜಾ ಮಾಡಿದರು. ಮೇಲ್ಮನೆಯಾದ ಸೆನೆಟ್ ಬಜೆಟ್ ತಡೆದಿದ್ದರಿಂದ ಸರ್ಕಾರದ ಹಣ ಮುಗಿಯುತ್ತಾ ಬಂದಿತ್ತು, ಬಿಕ್ಕಟ್ಟು ನಿಜವೇ. ಡಿಸೆಂಬರಿನ ಚುನಾವಣೆಯಲ್ಲಿ ವಿಟ್ಲಮ್ ಭಾರಿ ಅಂತರದಲ್ಲಿ ಸೋತರು ಕೂಡ. ಆದರೆ ಪ್ರಧಾನಿಗೆ ಮುನ್ಸೂಚನೆಯನ್ನೂ ಕೊಡದೆ ತೆಗೆದದ್ದು ತಪ್ಪು ಅನ್ನುವುದು ನನ್ನ ನಿಲುವು. ಎಚ್ಚರಿಸುವ ಹಕ್ಕು ಇರುವುದೇ ಇಂಥ ಹೊತ್ತಿಗೆ.

2019ರಲ್ಲಿ ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಸಂಸತ್ತನ್ನು ಸ್ಥಗಿತಗೊಳಿಸಲು ರಾಣಿಗೆ ಸಲಹೆ ಕೊಟ್ಟರು. ರಾಣಿ ಒಪ್ಪಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಆ ಸಲಹೆಯೇ ಕಾನೂನುಬಾಹಿರ, ಸ್ಥಗಿತ ಆಗಿಯೇ ಇಲ್ಲ ಎಂದರು. ಕೋರ್ಟು ತೂಗಿ ನೋಡಿದ್ದು ಪ್ರಧಾನಿಯ ಸಲಹೆಯನ್ನು. ರಾಣಿ ಯಾಕೆ ಒಪ್ಪಿದರು ಅನ್ನುವ ಪ್ರಶ್ನೆಯನ್ನು ಅದು ಎತ್ತಲಿಲ್ಲ. ಸಲಹೆ ಕೊಟ್ಟವರೇ ಉತ್ತರ ಕೊಡಬೇಕು ಅನ್ನುವ ನಿಯಮ ಅಲ್ಲಿಯೂ ಕೆಲಸ ಮಾಡಿತು.

ಇಷ್ಟಕ್ಕೆಲ್ಲ ರಾಜರು ಯಾಕೆ ಬೇಕು ಅನ್ನುವ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಜರ್ಮನಿಯ ಅಧ್ಯಕ್ಷರು ರಾಜವಂಶದವರಲ್ಲ, ಆದರೂ ಇದೇ ಕೆಲಸ ಮಾಡುತ್ತಾರೆ. ರಾಜಪ್ರಭುತ್ವದ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಒಂದಿದೆ. ದೇಶದ ಅತಿ ಎತ್ತರದ ಕುರ್ಚಿಗೆ ಯಾವ ರಾಜಕಾರಣಿಯೂ ಸ್ಪರ್ಧಿಸುವಂತಿಲ್ಲ. ಪ್ರಧಾನಿ ಎಷ್ಟೇ ಜನಪ್ರಿಯರಾದರೂ ತಾನೇ ದೇಶ ಅನ್ನುವಂತಿಲ್ಲ. ಸೈನಿಕರು, ಅಧಿಕಾರಿಗಳು ನಿಷ್ಠೆಯ ಪ್ರಮಾಣ ಮಾಡುವುದು ಪಕ್ಷಕ್ಕೆ ಸೇರದವರ ಹೆಸರಿನಲ್ಲಿ. ಇದು ಸಣ್ಣ ಲಾಭ ಅಲ್ಲ. ಹಾಗಂತ ಕೊರತೆಗಳನ್ನು ಮುಚ್ಚಿಡಲೂ ಆಗದು. ಹುಟ್ಟಿನಿಂದ ಹುದ್ದೆ ಬರುವುದು ಸಮಾನತೆಯ ಮಾತಿಗೆ ಒಗ್ಗುವುದಿಲ್ಲ. ಸ್ವೀಡನ್ 1980ರಲ್ಲಿ ನಿಯಮ ಬದಲಿಸಿ ಹಿರಿಯ ಮಗಳು ವಿಕ್ಟೋರಿಯಾ ಅವರಿಗೆ ಉತ್ತರಾಧಿಕಾರ ಕೊಟ್ಟಿತು. ಜಪಾನಿನಲ್ಲಿ ಹೆಣ್ಣು ಮಕ್ಕಳಿಗೆ ಇಂದಿಗೂ ಪಟ್ಟ ಇಲ್ಲ. ಗುಟ್ಟಿನ ಸಮಸ್ಯೆಯೂ ಇದೆ. ಬ್ರಿಟನ್ನಿನಲ್ಲಿ ದೊರೆಯ ಸ್ವಂತ ಹಿತಕ್ಕೆ ತಾಗುವ ಮಸೂದೆ ಬಂದರೆ ಸಂಸತ್ತು ಅದನ್ನು ಪಾಸು ಮಾಡುವ ಮೊದಲೇ ದೊರೆಯ ಸಮ್ಮತಿ ಪಡೆಯುವ ಪದ್ಧತಿ ಇದೆ. ಮಂತ್ರಿಗಳ ಸಲಹೆಯಂತೆಯೇ ಕೊಡುತ್ತಾರೆ ಅನ್ನುತ್ತಾರೆ. ಆದರೆ ಆ ಹಂತದಲ್ಲಿ ನಡೆಯುವ ಪತ್ರವ್ಯವಹಾರ ಜನರಿಗೆ ಕಾಣುವುದಿಲ್ಲ. ಈ ಪದ್ಧತಿ ಹೋಗಬೇಕು ಅನ್ನುವವರಲ್ಲಿ ನಾನೂ ಒಬ್ಬ.

ರಾಜ ಇದ್ದಾರೆ, ಸಂವಿಧಾನವೂ ಇದೆ ಅಂದ ಮಾತ್ರಕ್ಕೆ ಎಲ್ಲ ಕಡೆ ಇದೇ ವ್ಯವಸ್ಥೆ ಅಂದುಕೊಳ್ಳಬೇಡಿ. ಜೋರ್ಡಾನ್‌ನಲ್ಲಿ ಪ್ರಧಾನಿಯನ್ನು ನೇಮಿಸುವುದೂ ತೆಗೆಯುವುದೂ ನಿಜವಾಗಿಯೇ ರಾಜರ ಕೈಯಲ್ಲಿದೆ. ಮೊರಾಕ್ಕೊದ 2011ರ ಸಂವಿಧಾನ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷದವರನ್ನೇ ಪ್ರಧಾನಿ ಮಾಡಬೇಕು ಎನ್ನುತ್ತದೆ, ಆದರೂ ಸೇನೆ ಮತ್ತು ಧರ್ಮದ ವಿಷಯದಲ್ಲಿ ರಾಜರ ಮಾತೇ ಕೊನೆ. ಯುರೋಪಿನ ನಡುವೆಯೇ ಇರುವ ಪುಟ್ಟ ಲಿಕ್ಟನ್‌ಸ್ಟೈನ್‌ನಲ್ಲಿ ದೊರೆ ಕಾನೂನನ್ನು ತಡೆಯಬಲ್ಲರು. ಆ ಅಧಿಕಾರ ಕಡಿಮೆ ಮಾಡೋಣವೇ ಎಂದು 2012ರಲ್ಲಿ ಜನಮತಗಣನೆ ನಡೆದಾಗ ಸುಮಾರು ಮುಕ್ಕಾಲು ಪಾಲು ಜನ ಬೇಡ ಅಂದರು. ಒಂದು ದೇಶ ಯಾವ ಗುಂಪಿಗೆ ಸೇರುತ್ತದೆ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: ಸದನದ ಬೆಂಬಲ ಇರುವ ಪ್ರಧಾನಿಯನ್ನು ರಾಜರು ತಮ್ಮ ಇಷ್ಟದಂತೆ ತೆಗೆದು, ಮಾರನೇ ದಿನ ನೆಮ್ಮದಿಯಿಂದ ಇರಬಲ್ಲರೇ?

ನೇಪಾಳದ ಜ್ಞಾನೇಂದ್ರ ಇರಬಲ್ಲೆ ಅಂದುಕೊಂಡರು. 1990ರಿಂದ ಅಲ್ಲಿ ಸಾಂವಿಧಾನಿಕ ರಾಜಪ್ರಭುತ್ವ ಇತ್ತು. 2005ರ ಫೆಬ್ರವರಿ 1ರಂದು ಅವರು ಸರ್ಕಾರ ವಜಾ ಮಾಡಿ ಆಡಳಿತವನ್ನು ತಾವೇ ವಹಿಸಿಕೊಂಡರು. 2006ರ ಏಪ್ರಿಲಿನಲ್ಲಿ ಜನ ಬೀದಿಗಿಳಿದರು, ಅಧಿಕಾರ ವಾಪಸ್ ಕೊಡಬೇಕಾಯಿತು. 2008ರ ಮೇ 28ರಂದು ಸಂವಿಧಾನ ಸಭೆ ರಾಜಪ್ರಭುತ್ವವನ್ನೇ ರದ್ದು ಮಾಡಿತು.

ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಜನ ತೆಗೆಯಬಹುದು, ತೆಗೆದಿದ್ದಾರೆ. ಮುಸೊಲಿನಿಗೆ ದಾರಿ ಬಿಟ್ಟ ಇಟಲಿಯ ರಾಜವಂಶವನ್ನು 1946ರ ಜನಮತಗಣನೆಯಲ್ಲಿ ಸುಮಾರು ಶೇ. 54 ಮತದಿಂದ ಕಳಿಸಿದರು. ಗ್ರೀಸ್‌ನಲ್ಲಿ 1974ರಲ್ಲಿ ಸುಮಾರು ಶೇ. 69 ಜನ ಗಣರಾಜ್ಯಕ್ಕೆ ಮತ ಹಾಕಿದರು. ಉಳಿಸಿಕೊಂಡವರೂ ಇದ್ದಾರೆ. ನಾರ್ವೆಯ ಜನ 1905ರಲ್ಲಿ ಮತ ಹಾಕಿಯೇ ಹಾಕೊನ್ ಅವರನ್ನು ಕರೆಸಿಕೊಂಡರು. ಆಸ್ಟ್ರೇಲಿಯಾದಲ್ಲಿ 1999ರಲ್ಲಿ ಗಣರಾಜ್ಯದ ಪ್ರಸ್ತಾಪ ಸೋತಿತು. ದಾರಿ ಎಷ್ಟು ಸುಲಭ ಅನ್ನುವುದು ಆಯಾ ಸಂವಿಧಾನದ ಮೇಲೆ ನಿಂತಿದೆ. ಬಾರ್ಬಡೋಸ್ ಸಂಸತ್ತಿನಲ್ಲೇ ತಿದ್ದುಪಡಿ ಮಾಡಿ 2021ರ ನವೆಂಬರ್ 30ರಂದು ಗಣರಾಜ್ಯವಾಯಿತು. ಬ್ರಿಟನ್ನಿನ ದೊರೆಯನ್ನೇ ತಮ್ಮ ದೊರೆ ಎಂದು ಒಪ್ಪಿರುವ ದೇಶಗಳು ಆಮೇಲೆ, ಬ್ರಿಟನ್ ಸೇರಿ, 15 ಉಳಿದವು. ಅವುಗಳಲ್ಲಿ ಒಂದಾದ ಕೆನಡಾದಲ್ಲಿ ಇದು ಬಲು ಕಷ್ಟ. ಅಲ್ಲಿನ 1982ರ ಸಂವಿಧಾನ ಶಾಸನದ ಪ್ರಕಾರ ದೊರೆಯ ಸ್ಥಾನ ಬದಲಿಸಲು ಸಂಸತ್ತಿನ ಎರಡೂ ಮನೆಗಳ ಜೊತೆಗೆ ಹತ್ತೂ ಪ್ರಾಂತ್ಯಗಳ ಶಾಸನಸಭೆಗಳು ಒಪ್ಪಬೇಕು. ಒಂದು ಪ್ರಾಂತ್ಯ ಬೇಡ ಅಂದರೂ ಬದಲಾವಣೆ ನಿಂತುಹೋಗುತ್ತದೆ.